ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿರುವ ಫೀನಿಕ್ಸ್ ನಗರಕ್ಕೆ ನಿವೃತ್ತರು ಮುಂದೆಯೂ ಬರುವರೇ?

ಬರುತ್ತಾರೆ, ಆದರೆ ಚಳಿಗಾಲ ಕಳೆದು ಹಿಂದಿರುಗುವವರೇ ಹೆಚ್ಚಾದಾರೆಂಬುದು ನನ್ನ ಅಂದಾಜು. ಮಾಟುಂಗಾದ ಫ್ಲ್ಯಾಟು ಮಾರಿ ಪುಣೆಯಲ್ಲೋ ಧಾರವಾಡದಲ್ಲೋ ಮನೆ ಕೊಂಡು, ಉಳಿದ ಹಣದ ಬಡ್ಡಿಯಲ್ಲಿ ಬದುಕುವ ನಮ್ಮ ಮುಂಬಯಿ ಕನ್ನಡಿಗರ ಲೆಕ್ಕಾಚಾರವೇ ಅಲ್ಲಿಯೂ ಇದೆ: ಕ್ಯಾಲಿಫೋರ್ನಿಯಾದ ದುಬಾರಿ ಮನೆ ಮಾರಿದವರಿಗೆ ಅರಿಜೋನಾದಲ್ಲಿ ಮನೆಯೂ ಸಿಗುತ್ತದೆ, ಕೈಯಲ್ಲಿ ನಾಲ್ಕು ಕಾಸೂ ಉಳಿಯುತ್ತದೆ. 1960ರಲ್ಲಿ ನಗರದ ಹೊರವಲಯದಲ್ಲಿ ನಿವೃತ್ತರಿಗೆಂದೇ ಸನ್ ಸಿಟಿ ಬಡಾವಣೆ ತೆರೆದಾಗಿನಿಂದಲೂ ಹಿಮ ಬೀಳದ ಚಳಿಗಾಲವೇ ದೊಡ್ಡ ಆಕರ್ಷಣೆ.

ತೊಡಕಿರುವುದು ಬೇಸಿಗೆಯ ರಾತ್ರಿಗಳಲ್ಲಿ. ಹಗಲಿಡೀ ಕಾದ ಡಾಂಬರು, ಕಾಂಕ್ರೀಟು ಕತ್ತಲಾದ ಮೇಲೆ ಶಾಖವನ್ನು ಹೊರಬಿಡುವುದರಿಂದ ವಯಸ್ಸಾದ ದೇಹಕ್ಕೆ ಚೇತರಿಸಿಕೊಳ್ಳಲು ಬಿಡುವೇ ದೊರೆಯುವುದಿಲ್ಲ. 2023ರಲ್ಲಿ ಸತತ 31 ದಿನ ತಾಪಮಾನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಏಸಿ ಕೆಟ್ಟರೆ ನಾವಿಲ್ಲಿ ಕಿಟಕಿ ತೆರೆದು ಬೀಸಣಿಗೆ ಹಿಡಿಯುತ್ತೇವೆ. ಅಲ್ಲಿ ಜುಲೈನಲ್ಲಿ ಕೆಟ್ಟರೆ ವೃದ್ಧರ ಜೀವಕ್ಕೇ ಕುತ್ತು.