ಓದುಗರ ಪ್ರಶ್ನೆ: ಕವಳದ ಲೆಕ್ಕ, ಮೈಲುತುತ್ತದ ಲೆಕ್ಕ

ಪ್ರಶ್ನೆ: ನಾನು ಹತ್ತನೇ ಕ್ಲಾಸು. ಕಾದ ಕಬ್ಬಿಣದ ಮೇಲೆ ನೀರಿನ ಆವಿ ಹಾಯಿಸೋ ಸಮೀಕರಣ ಸರಿದೂಗಿಸೋಕೆ ಕೊಟ್ಟಿದ್ರು. ಎಫ್‌ಇ ತ್ರೀ ಓ ಫೋರ್ ಅಂತ ಇದ್ದಿದ್ದನ್ನ ನಾನು ಬರೀ ಎಫ್‌ಇ ಓ ಮಾಡಿದೆ, ಎರಡೂ ಕಡೆ ಲೆಕ್ಕ ಸರಿ ಬಂತು. ಆದ್ರೂ ಸೊನ್ನೆ ಹಾಕಿದಾರೆ, ಯಾಕೆ?
ವಿದ್ಯಾರ್ಥಿನಿ, ತೀರ್ಥಹಳ್ಳಿ ಹತ್ರ

ಉತ್ತರ: ಪುಟ್ಟೀ, ಲೆಕ್ಕ ಸರಿ ಇದೆ, ಆದ್ರೆ ಸಾಮಾನೇ ಬೇರೆ ಆಗೋಯ್ತಲ್ಲ! ಎಫ್‌ಇ ತ್ರೀ ಓ ಫೋರ್ ಅಂದ್ರೆ ಮ್ಯಾಗ್ನೆಟೈಟು, ಅಯಸ್ಕಾಂತಕ್ಕೆ ಗಬಕ್ಕನೆ ಹಿಡ್ಕೊಳ್ಳೋದು, ನಮ್ ಕುದುರೆಮುಖದ ಅದಿರಲ್ಲಿ ಇದ್ದಿದ್ದು ಅದೇ. ಎಫ್‌ಇ ಓ ಅನ್ನೋದು ಇನ್ನೊಂದು ಆಕ್ಸೈಡು. ಕೆಳಗಿನ ಪುಟ್ಟ ಅಂಕಿ ಬದಲಾಯಿಸಿದ್ರೆ ವಸ್ತುವೇ ಬದಲಾಗುತ್ತೆ, ನೀರಿನ ಓ ಪಕ್ಕ ಒಂದು ಎರಡು ಸೇರಿಸಿ ನೋಡು, ಗಾಯಕ್ಕೆ ಹಾಕಿದ್ರೆ ನೊರೆ ನೊರೆ ಬರೋ ಹೈಡ್ರೋಜನ್ ಪೆರಾಕ್ಸೈಡ್ ಆಗಿರುತ್ತೆ, ಕುಡಿಯೋಕಾಗುತ್ತಾ ಅದನ್ನ?

ಅಜ್ಜಿ ಕವಳ, ಅಂದ್ರೆ ಎಲೆಅಡಿಕೆ, ಹಾಕೋದು ನೋಡಿರ್ತೀಯಲ್ಲ (ನೋಡೋದಷ್ಟೇ, ಹಾಕೋದು ಬೇಡ). ಒಂದು ಕವಳಕ್ಕೆ ಎರಡು ಎಲೆ, ಒಂದು ಅಡಿಕೆ ಅಂತಿಟ್ಕೋ, ಎಲೆ ಹೈಡ್ರೋಜನ್, ಅಡಿಕೆ ಆಕ್ಸಿಜನ್, ಕವಳ ಅಂದ್ರೆ ನೀರು, ಎಚ್ ಟೂ ಓ. ಈಗ ತಟ್ಟೇಲಿ ಎಲೆ ಬರೋದೂ ಜೋಡಿ, ಅಡಿಕೆ ಬರೋದೂ ಜೋಡಿ, ಬಿಡಿ ಕೊಡಲ್ಲ. ಒಂದು ಜೋಡಿ ಎಲೆ, ಒಂದು ಜೋಡಿ ಅಡಿಕೆ ತಗೊಂಡು ಕವಳ ಕಟ್ಟಿದ್ರೆ ಒಂದಡಿಕೆ ಉಳೀತು. ಉಳೀತು ಅಂತ ಅದನ್ನೂ ಅದೇ ಕವಳಕ್ಕೆ ತುರುಕಿದ್ರೆ ಅಜ್ಜಿ ಬೈತಾರೆ, ಇನ್ನೊಂದು ಜೋಡಿ ಎಲೆ ತಂದು ಎರಡನೇ ಕವಳ ಕಟ್ಬೇಕು. ಎರಡು ಜೋಡಿ ಎಲೆ, ಒಂದು ಜೋಡಿ ಅಡಿಕೆ, ಎರಡು ಕವಳ. ಮುಂದೆ ಹಾಕೋ ಅಂಕಿ ಅಂದ್ರೆ ಇಷ್ಟೇ, ಎಷ್ಟು ಕವಳ ಅಂತ.

ನಿನ್ನ ಲೆಕ್ಕಕ್ಕೆ ದೊಡ್ಡ ಗಂಟಿಂದ ಶುರು ಮಾಡು. ಎಫ್‌ಇ ತ್ರೀ ಓ ಫೋರಲ್ಲಿ ಆಕ್ಸಿಜನ್ ನಾಲ್ಕಿದೆ, ಅದು ಬರೋದು ನೀರಿಂದ ಮಾತ್ರ, ಹಾಗಾಗಿ ನೀರು ನಾಲ್ಕು. ಆಗ ಹೈಡ್ರೋಜನ್ ಎಂಟಾಯ್ತು, ಆಚೆ ಕಡೆ ಎಚ್ ಟೂ ನಾಲ್ಕು. ಕಬ್ಬಿಣ ಮೂರು. ಒಂಟಿ ಕಬ್ಬಿಣ ಕೊನೆಗೆ ಇಟ್ಕೊಂಡ್ರೆ ತಲೆನೋವೇ ಇಲ್ಲ.

ಪ್ರಶ್ನೆ: ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ಔಷಧಿಗೆ ನಾವು 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟು), 1 ಕೆಜಿ ಸುಣ್ಣ ಹಾಕೋದು. ಕಾಲೇಜಿಗೆ ಹೋಗೋ ಮಗಳು ಸಮೀಕರಣದ ಪ್ರಕಾರ ಸುಣ್ಣ 300 ಗ್ರಾಂ ಸಾಕು ಅಂತಾಳೆ. ಯಾರು ಸರಿ?
ಅಡಿಕೆ ಬೆಳೆಗಾರ, ಸಾಗರ ಕಡೆ

ಉತ್ತರ: ಇಬ್ರೂ ಸರಿ ಮಾರಾಯ್ರೆ. ಸಮೀಕರಣದಲ್ಲಿ ತುತ್ತ ಒಂದು, ಅರಳಿದ ಸುಣ್ಣ ಒಂದು, ಸರಿದೂಗಿಸೋಕೆ ಏನೂ ಇಲ್ಲ, ಆದ್ರೆ ಆ ಒಂದು ಅನ್ನೋದು ಎಣಿಕೆ, ಕೆಜಿ ಅಲ್ಲ. ಎಣಿಕೆ ಒಂದೇ ಆದ್ರೂ ತುತ್ತದ ನೀಲಿ ಹರಳಿನ ಭಾರ 250 ಅಂದ್ರೆ ಸುಣ್ಣದ್ದು 74. ಹಂಗಾಗಿ 1 ಕೆಜಿಗೆ ಹತ್ರಹತ್ರ 300 ಗ್ರಾಂ, ಮಗಳ ಲೆಕ್ಕ ಪಕ್ಕಾ. (ಡ್ರಮ್ಮಲ್ಲಿ ನಡೆಯೋದು ಪುಸ್ತಕದ ಒಂದು ಸಾಲಿಗಿಂತ ಸ್ವಲ್ಪ ಜಟಿಲ ಅನ್ನೋದು ಬೇರೆ ಮಾತು.)

ಆದ್ರೆ ಅವಳು ಲೆಕ್ಕ ಹಾಕಿದ್ದು ಶುದ್ಧ ಸುಣ್ಣಕ್ಕೆ. ಅಂಗಡಿ ಮೂಲೇಲಿ ಕೂತ ಸುಣ್ಣ ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಹೀರ್ಕೊಂಡು ಅರ್ಧಂಬರ್ಧ ಸತ್ತಿರುತ್ತೆ, ಸುಣ್ಣ ಕಮ್ಮಿ ಬಿದ್ದು ತುತ್ತ ಹಾಗೇ ಉಳಿದ್ರೆ ಎಳೇ ಕಾಯಿ, ಸೋಗೆ ಎಲ್ಲಾ ಸುಟ್ಟೋಗುತ್ತೆ, ಅದಕ್ಕೇ ಹಿರಿಯರು ಧಾರಾಳವಾಗಿ ಹಾಕ್ತಿದ್ದಿದ್ದು. ಹೊಳೆಯೋ ಕತ್ತಿ ಅಲಗನ್ನ ಔಷಧಿಯಲ್ಲಿ ಒಂದು ನಿಮಿಷ ಅದ್ದಿ ತೆಗೆದು ನೋಡ್ತೀರಲ್ಲ, ಕೆಂಪು ಹತ್ತಿದ್ರೆ ಇನ್ನೊಂದಿಷ್ಟು ಸುಣ್ಣದ ನೀರು ಬಿಡೋದು? ಕಬ್ಬಿಣ ಕರಗಿ ತಾಮ್ರ ಬಂದು ಕೂತಿರೋದು ಅದು, ಸ್ಕೂಲಲ್ಲಿ ಮೊಳೆ ಹಾಕಿ ತೋರಿಸೋ ಪ್ರಯೋಗವೇ, ಮಗಳನ್ನ ಕರೆದು ತೋರಿಸಿ. ಡ್ರಮ್ಮು ಮಾತ್ರ ಪ್ಲಾಸ್ಟಿಕ್‌ದೇ ಇರ್ಲಿ, ಕಬ್ಬಿಣದ್ರಲ್ಲಿ ತುತ್ತ ಕರಗಿಸೋಕೆ ಹೋದ್ರೆ ತಾಮ್ರ ಡ್ರಮ್ಮಿಗೇ ಹತ್ಕೊಂಡು ಕೊನೆಗೆ ಹೊಡೆಯೋಕೆ ಉಳಿಯೋದು ಅಷ್ಟಕ್ಕಷ್ಟೆ.