ಸಂಜೆಯಾದರೆ ಕಾಲು ಊದಿಕೊಳ್ಳುವುದು ಯಾಕೆ?

ಕಾರವಾರದಲ್ಲಿ ಅಂಗಡಿ ನಡೆಸುವ ಅಮ್ಮನಿಗೆ ಸಂಜೆ ಕಾಲು ಊದುತ್ತದೆ, ಕಿಡ್ನಿ ತೊಂದರೆಯಾ ಅಂತ ಕೇಳಿದ್ದೀರಿ. ಅದೂ ಇರಬಹುದು, ಅದೊಂದೇ ಅಲ್ಲ. ಸಣ್ಣ ರಕ್ತನಾಳಗಳಿಂದ ನೀರು ಜಿನುಗಿ ಚರ್ಮದ ಕೆಳಗೆ ನಿಂತರೆ ಬಾವು ಬರುತ್ತದೆ. ಹೆಬ್ಬೆರಳಿನಿಂದ ಒತ್ತಿ ಬಿಡಿ, ಗುಳಿ ಹಾಗೇ ಉಳಿದರೆ ನೀರು ತುಂಬಿದೆ ಅಂತ ಅರ್ಥ. ದಿನವಿಡೀ ನಿಂತೇ ಇದ್ದರೆ ಹೀಗಾಗುತ್ತದೆ, ರಾತ್ರಿ ಮಲಗಿದರೆ ಇಳಿಯುತ್ತದೆ. ಉಪ್ಪು ಜಾಸ್ತಿಯಾದರೂ ಮೈ ನೀರು ಹಿಡಿದಿಡುತ್ತದೆ. ನಮ್ಮ ಕಡೆ ಗಂಜಿ ಜೊತೆ ಒಣಮೀನು, ಉಪ್ಪಿನಕಾಯಿ ದಿನಾ ಇರುತ್ತದಲ್ವಾ, ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಸುಲಭವಾಗಿ ದಾಟಿಬಿಡುತ್ತದೆ. ಬಿಪಿಗೆ ಆಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಾರಾ ನೋಡಿ, ಅದರಿಂದಲೂ ಪಾದ ಊದಬಹುದು. ಹಾಗಂತ ಸುಮ್ನೆ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಬೆಳಿಗ್ಗೆ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ ಇದ್ದರೆ ಕಿಡ್ನಿ ಪರೀಕ್ಷೆ ಬೇಕೇ ಬೇಕು. ಮಲಗಿದಾಗ ಉಸಿರು ಕಟ್ಟಿದರೆ ಹೃದಯ ತೋರಿಸಿ. ಹೊಟ್ಟೆಯೂ ಉಬ್ಬಿ ಕಣ್ಣು ಹಳದಿಯಾದರೆ ಲಿವರ್. ಒಂದೇ ಕಾಲು ತಿಂಗಳುಗಟ್ಟಲೆ ದಪ್ಪವಾಗುತ್ತಾ ಹೋದರೆ ಆನೆಕಾಲು ರೋಗವೂ ಇರಬಹುದು, ಕರಾವಳಿಗೆ ಅದು ಹೊಸದಲ್ಲ. ಆದರೆ ಒಂದೇ ಕಾಲು ಹಠಾತ್ತನೆ ಊದಿ, ಮೀನಖಂಡ ನೋವಾಗಿ ಬಿಸಿಯಾದರೆ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.