ಸಹೋದ್ಯೋಗಿಯ ವಿಚಿತ್ರ ಬಟ್ಟೆ ನೋಡಿ ಅವರನ್ನು ಅಳೆಯುವುದು ತಪ್ಪಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ಟೀಮಿನಲ್ಲಿ ಒಬ್ಬರು ದಿನಾ ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ಹಾಕಿಕೊಂಡು ಬರುತ್ತಾರೆ. ಒಂದು ಕಾಲಿಗೆ ಒಂದು ಬಣ್ಣದ ಸಾಕ್ಸ್, ಇನ್ನೊಂದಕ್ಕೆ ಇನ್ನೊಂದು. ಒಳಗೆ ಕೂತಿದ್ದರೂ ತಲೆ ಮೇಲೆ ಟೋಪಿ. ಉಳಿದವರು ಬೆನ್ನ ಹಿಂದೆ ನಗುತ್ತಾರೆ. ನೀವೂ ನಗುತ್ತೀರಿ, ಆಮೇಲೆ ಒಂಥರಾ ಬೇಜಾರಾಗುತ್ತದೆ. ಅವರನ್ನು ಸೀರಿಯಸ್ಸಾಗಿ ತೆಗೆದುಕೊಳ್ಳಲು ಆಗುತ್ತಿಲ್ಲ, ಇದು ನನ್ನ ತಪ್ಪಾ, ಅವರಿಗೆ ಹೇಳಿಬಿಡಲಾ ಎಂದು ಕೇಳಿದ್ದೀರಿ.

ನೋಡಿದ ಕೂಡಲೇ ಮನಸ್ಸಿಗೆ ಏನೋ ಅನ್ನಿಸುವುದು ತಪ್ಪಲ್ಲ. ಅದನ್ನು ತಡೆಯುವುದು ನಿಮ್ಮ ಕೈಯಲ್ಲೂ ಇಲ್ಲ. ಆದರೆ ಆ ಅನಿಸಿಕೆ ಅವರ ಕೆಲಸದ ಲೆಕ್ಕದೊಳಗೆ ನುಸುಳಿದರೆ ಅದು ಅನ್ಯಾಯ. ಆ ಅನ್ಯಾಯವನ್ನು ನಾನೇ ಒಮ್ಮೆ ಮಾಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಜೊತೆ ಒಬ್ಬರು ಕೆಲಸ ಮಾಡುತ್ತಿದ್ದರು, ನನಗಿಂತ ವಯಸ್ಸಿನಲ್ಲಿ ದೊಡ್ಡವರು. ದೊಗಲೆ ಪ್ಯಾಂಟು, ಮೊಣಕೈಗೆ ಬೇರೆ ಬಣ್ಣದ ತೇಪೆ ಹಾಕಿದ ಕೋಟು, ಕುತ್ತಿಗೆಗೆ ಉದ್ದನೆಯ ಉಣ್ಣೆಯ ಮಫ್ಲರ್. ಬೇಸಿಗೆಯಲ್ಲೂ ಅದೇ. ಅವರು ಬಾಗಿಲು ದಾಟಿ ಬಂದ ತಕ್ಷಣ ನಾವು ನಾಲ್ಕೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಯಾರೂ ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಆ ನೋಟವೇ ಸಾಕಾಗಿತ್ತು.

ವರ್ಷದ ಕೊನೆಗೆ ಜೊತೆಯವರ ಬಗ್ಗೆ ಫೀಡ್‌ಬ್ಯಾಕ್ ಬರೆದುಕೊಡಬೇಕಿತ್ತು. ಅವರ ಹೆಸರಿನ ಕೆಳಗೆ ನಾನು ಹೀಗೆ ಬರೆದೆ: 'ಕೆಲಸದಲ್ಲಿ ಗಂಭೀರತೆ ಸಾಲದು. ಕ್ಲೈಂಟ್ ಮುಂದೆ ಕಳಿಸುವ ಮೊದಲು ಯೋಚಿಸಬೇಕು.' ಬರೆಯುವಾಗ ನನಗೆ ಒಂಚೂರೂ ಅಳುಕು ಇರಲಿಲ್ಲ. ನಿಜವನ್ನೇ ಬರೆಯುತ್ತಿದ್ದೇನೆ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಮ್ಯಾನೇಜರ್ ಕರೆದರು. 'ಗಂಭೀರತೆ ಸಾಲದು ಅಂತ ಬರೆದಿದ್ದೀರಿ. ಒಂದು ಉದಾಹರಣೆ ಕೊಡಿ' ಎಂದರು.

ಬಾಯಿ ತೆರೆದೆ. ಏನೂ ಬರಲಿಲ್ಲ. ಮೀಟಿಂಗಿಗೆ ತಡವಾಗಿ ಬಂದಿದ್ದರಾ? ಇಲ್ಲ. ಕೊಟ್ಟ ಕೆಲಸ ಅರ್ಧಕ್ಕೆ ಬಿಟ್ಟಿದ್ದರಾ? ಅದೂ ಇಲ್ಲ. ತಲೆಯೊಳಗೆ ಎಷ್ಟು ಹುಡುಕಿದರೂ ಸಿಕ್ಕಿದ್ದು ಆ ಮಫ್ಲರ್ ಒಂದೇ. ಒಂದು ಇಡೀ ವರ್ಷ ಪಕ್ಕದಲ್ಲಿ ಕೂತಿದ್ದೆ, ಅವರ ಕೆಲಸದ ಬಗ್ಗೆ ಹೇಳಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ಮ್ಯಾನೇಜರ್ ಬೈಯಲಿಲ್ಲ. 'ಒಂದು ವಾರ ತಗೊಂಡು ಮತ್ತೆ ಬರೆದುಕೊಡಿ' ಎಂದಷ್ಟೇ ಹೇಳಿದರು.

ಆ ವಾರ ನಾನು ಅವರ ಬಟ್ಟೆ ಬಿಟ್ಟು ಅವರ ಕೆಲಸ ನೋಡಿದೆ. ಒಳ್ಳೆಯದು ಕಂಡಿತು. ಅವರು ಬರೆದಿಟ್ಟ ಟಿಪ್ಪಣಿಗಳಲ್ಲಿ ತಾರೀಖು, ಕಾರಣ, ಯಾರು ಏನು ಒಪ್ಪಿಕೊಂಡರು ಎಲ್ಲವೂ ಇತ್ತು. ಅವರು ರಜೆ ಹಾಕಿದರೂ ಬೇರೆ ಯಾರಾದರೂ ಕೆಲಸ ಮುಂದುವರಿಸಬಹುದಿತ್ತು. ಆದರೆ ಕೆಟ್ಟದ್ದೂ ಕಂಡಿತು. ಮೇಲ್‌ಗೆ ಉತ್ತರ ಕೊಡಲು ಎರಡು ಮೂರು ದಿನ ತೆಗೆದುಕೊಳ್ಳುತ್ತಿದ್ದರು. ಮೀಟಿಂಗಿನಲ್ಲಿ ಹೊಸಬರು ಮಾತಾಡುತ್ತಿದ್ದರೆ ನಡುವೆ ಬಾಯಿ ಹಾಕುತ್ತಿದ್ದರು. ಇವೆರಡೂ ನಿಜವಾದ ದೂರುಗಳು, ಯಾರಾದರೂ ಹೇಳಲೇಬೇಕಿದ್ದ ದೂರುಗಳು. ಬಟ್ಟೆ ನೋಡಿ ಲೆಕ್ಕ ಮುಗಿಸಿದ್ದರಿಂದ ಇವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಿಮಗೆ ಮುಖ್ಯವಾಗಿ ಹೇಳಬೇಕೆಂದಿದ್ದು ಇದೇ. ಬಟ್ಟೆಯಿಂದ ಜನರನ್ನು ಅಳೆದರೆ ಅವರ ಒಳ್ಳೆಯತನ ತಪ್ಪಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅವರ ನಿಜವಾದ ಕುಂದುಕೊರತೆಯೂ ತಪ್ಪಿಹೋಗುತ್ತದೆ ಎಂಬುದನ್ನು ಜಾಸ್ತಿ ಜನ ಗಮನಿಸುವುದಿಲ್ಲ. 'ಗಂಭೀರತೆ ಸಾಲದು' ಎಂದು ಓದಿದ ಮನುಷ್ಯ ಏನನ್ನು ತಿದ್ದಿಕೊಳ್ಳಬೇಕು? ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. 'ಮೇಲ್‌ಗೆ ಅದೇ ದಿನ ಉತ್ತರ ಕೊಡಿ' ಎಂದರೆ ತಿದ್ದಿಕೊಳ್ಳಬಹುದು.

ಇದು ನನ್ನೊಬ್ಬರ ದೌರ್ಬಲ್ಯ ಅಲ್ಲ ಎಂದು ಆಮೇಲೆ ತಿಳಿಯಿತು. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1920ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ಮುಂದಾಳತ್ವ, ನಡತೆ ಎಲ್ಲಕ್ಕೂ ಬೇರೆ ಬೇರೆ ಅಂಕ ಕೊಡಬೇಕಿತ್ತು. ಕೊಟ್ಟ ಅಂಕಗಳನ್ನು ನೋಡಿದರೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಒಂದರಲ್ಲಿ ಮೇಲಿದ್ದವನಿಗೆ ಎಲ್ಲದರಲ್ಲೂ ಮೇಲಿನ ಅಂಕ. ಇದನ್ನೇ ಇಂದಿಗೂ ಹೇಲೋ ಎಫೆಕ್ಟ್ ಅನ್ನುತ್ತಾರೆ. ಇದು ತಿರುಗುಮುರುಗಾಗಿಯೂ ನಡೆಯುತ್ತದೆ. ಒಂದು ತೇಪೆ ಹಾಕಿದ ಕೋಟು ಮನುಷ್ಯನ ಬುದ್ಧಿ, ಶಿಸ್ತು, ನಂಬಿಕೆ ಎಲ್ಲದರ ಅಂಕವನ್ನೂ ಕೆಳಗೆ ಎಳೆಯುತ್ತದೆ.

ಇನ್ನೂ ಹತ್ತಿರದ್ದೊಂದು ಅಧ್ಯಯನ ಇದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದ್ದ ಡಾಂಗ್‌ವಾನ್ ಓ, ಎಲ್ಡಾರ್ ಶಫೀರ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಮಾಡಿದ್ದು, 2019ರ ಕೊನೆಗೆ ಪ್ರಕಟವಾಯಿತು. ಅದೇ ಮುಖಗಳನ್ನು ಬೇರೆ ಬೇರೆ ಬಟ್ಟೆಯಲ್ಲಿ ತೋರಿಸಿ, ಈ ವ್ಯಕ್ತಿ ಎಷ್ಟು ಸಮರ್ಥ ಎಂದು ಕೇಳಿದರು. ಸ್ವಲ್ಪ ದುಡ್ಡಿನ ಕಳೆ ಇದ್ದ ಬಟ್ಟೆಯಲ್ಲಿ ಅದೇ ಮುಖ ಹೆಚ್ಚು ಸಮರ್ಥವಾಗಿ ಕಂಡಿತು. ಚಿತ್ರವನ್ನು 129 ಮಿಲಿಸೆಕೆಂಡ್ ಮಾತ್ರ ತೋರಿಸಿದಾಗಲೂ ಹಾಗೆಯೇ. ಅಂದರೆ ಒಂದು ಸೆಕೆಂಡಿನ ಸುಮಾರು ಎಂಟನೇ ಒಂದು ಭಾಗ. ಬಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಮೊದಲೇ ಹೇಳಿದಾಗಲೂ ಅದರ ಪರಿಣಾಮ ಹೋಗಲಿಲ್ಲ.

ಇದನ್ನು ಓದಿದಾಗ ನನಗೆ ಸಮಾಧಾನ ಆಯಿತು, ಸಂಕಟವೂ ಆಯಿತು. ಬೇಡ ಅಂದುಕೊಂಡರೂ ಮನಸ್ಸು ಅಳೆದೇ ಬಿಡುತ್ತದೆ ಎಂಬುದು ಸಮಾಧಾನ. ಸಂಕಟ ಆಗಿದ್ದು ಆ ದುಡ್ಡಿನ ವಿಷಯಕ್ಕೆ. ನಾವು 'ವಿಚಿತ್ರ' ಅಂದುಕೊಳ್ಳುವ ಬಟ್ಟೆಗಳಲ್ಲಿ ಎಷ್ಟೋ ನಿಜವಾಗಿ ವಿಚಿತ್ರ ಅಲ್ಲ. ಹಳೆಯವು, ಅಷ್ಟೇ. ವಾರದಲ್ಲಿ ಮೂರು ಸಲ ಬರುವ ಒಂದೇ ಅಂಗಿ. ಯಾರೋ ಕೊಟ್ಟಿದ್ದಕ್ಕೆ ಭುಜ ಜೋತುಬಿದ್ದ ಕೋಟು. ಹೊಸದಾಗಿ ಕೆಲಸಕ್ಕೆ ಸೇರಿದವರು, ಮನೆಗೆ ದುಡ್ಡು ಕಳಿಸುವವರು, ಸಾಲ ತೀರಿಸುತ್ತಿರುವವರು ಹೀಗೆಯೇ ಬರುತ್ತಾರೆ. ಅವರನ್ನು ನೋಡಿ 'ಟೇಸ್ಟ್ ಇಲ್ಲ' ಅಂದಾಗ ನಾವು ಆಡಿಕೊಳ್ಳುತ್ತಿರುವುದು ಅವರ ರುಚಿಯನ್ನಲ್ಲ, ಅವರ ಸಂಬಳವನ್ನು. ಇದು ನನಗೆ ಇವತ್ತಿಗೂ ಚುಚ್ಚುತ್ತದೆ.

ದೇಹದ ಕಾರಣಗಳೂ ಇರುತ್ತವೆ. ಬಟ್ಟೆಯ ಹೊಲಿಗೆ, ಕುತ್ತಿಗೆ ಹತ್ತಿರದ ಲೇಬಲ್ ಚರ್ಮಕ್ಕೆ ತಾಗಿದರೆ ಸಹಿಸಲಾಗದವರಿದ್ದಾರೆ. ಬೆಳಕು ಜಾಸ್ತಿಯಾದರೆ ತಲೆನೋವು ಬರುವವರಿದ್ದಾರೆ, ಅವರಿಗೆ ಟೋಪಿಯ ಅಂಚು ಒಂದು ಆಸರೆ. ಎಲ್ಲರೂ ತೆಳ್ಳನೆ ಅಂಗಿಯಲ್ಲಿರುವಾಗ ಒಬ್ಬರು ಶಾಲು ಹೊದ್ದು ಕೂತಿದ್ದರೆ ಅದು ನಾಟಕ ಆಗಿರಬೇಕಿಲ್ಲ. ಆಫೀಸುಗಳ ಉಷ್ಣತೆ ಲೆಕ್ಕ ಹಾಕುವ ಮಾದರಿಯನ್ನು 1960ರ ದಶಕದಲ್ಲಿ ರೂಪಿಸಿದಾಗ ಅದಕ್ಕೆ ಆಧಾರವಾಗಿ ಇಟ್ಟುಕೊಂಡಿದ್ದು ಸುಮಾರು 40 ವರ್ಷದ, 70 ಕಿಲೋ ತೂಕದ ಗಂಡಸಿನ ದೇಹವನ್ನು. ಹೆಂಗಸರ ದೇಹ ಹುಟ್ಟಿಸುವ ಶಾಖ ಅದಕ್ಕಿಂತ ಕಡಿಮೆ ಎಂದು 2015ರಲ್ಲಿ ಡಚ್ ಸಂಶೋಧಕರಿಬ್ಬರು ತೋರಿಸಿದರು.

ಆದರೆ ಇಲ್ಲಿ ಒಂದು ಅಪಾಯ ಇದೆ. ಕಾರಣ ಗೊತ್ತಾದರೆ ಕ್ಷಮಿಸುತ್ತೇನೆ ಎಂಬ ಮನಸ್ಸು ಬಂದುಬಿಡುತ್ತದೆ. ಪಾಪ, ಏನೋ ಕಾಯಿಲೆ ಇರಬೇಕು ಎಂದು ಊಹಿಸಿಕೊಳ್ಳುತ್ತೇವೆ. ಅದೂ ಬೇಡ. ನನ್ನ ಆ ಸಹೋದ್ಯೋಗಿಯ ಮಫ್ಲರಿಗೆ ಕಾರಣ ಏನು ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಬಹುಶಃ ಅವರಿಗೆ ಅದು ಇಷ್ಟ ಇತ್ತು, ಅಷ್ಟೇ. ಇಷ್ಟ ಎನ್ನುವುದೂ ಸಾಕಷ್ಟು ಕಾರಣವೇ, ಅಲ್ವಾ? ಕಣ್ಣಿಗೆ ಹೊಡೆಯುವ ಬಣ್ಣ ಹಾಕಿಕೊಂಡರೆ ಒಬ್ಬರ ದಿನ ಚೆನ್ನಾಗಿ ಶುರುವಾಗುತ್ತದೆ ಅಂದರೆ ಅದಕ್ಕೆ ವೈದ್ಯರ ಚೀಟಿ ಬೇಕಿಲ್ಲ.

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಅನ್ನುವ ಗಾದೆ ನಿಮಗೂ ಗೊತ್ತಿರುತ್ತದೆ. ಉಣ್ಣುವುದು ನಮಗಾಗಿ, ಉಡುವುದು ನೋಡುವವರಿಗಾಗಿ ಎಂದರ್ಥ. ಇದರಲ್ಲಿ ಸ್ವಲ್ಪ ನಿಜ ಇದೆ. ಒಂದೇ ಕೋಣೆಯಲ್ಲಿ ದಿನಕ್ಕೆ ಎಂಟು ಗಂಟೆ ಕೂರುವವರು ಒಬ್ಬರನ್ನೊಬ್ಬರು ನೋಡುತ್ತಾರೆ. ಆದರೆ ಆ 'ಪರರು' ಯಾರು? ಹತ್ತು ಜನರ ಟೀಮಿನಲ್ಲಿ ಹತ್ತು ಇಚ್ಛೆ. ಹೆಚ್ಚಾಗಿ ಜೋರು ದನಿಯವರ ಇಚ್ಛೆಯೇ ಎಲ್ಲರ ಇಚ್ಛೆ ಆಗಿಬಿಡುತ್ತದೆ. ಹೆಂಗಸರ ಮಟ್ಟಿಗಂತೂ ಇದು ಇನ್ನೂ ಕಷ್ಟ. ಒಂಚೂರು ಅಲಂಕಾರ ಮಾಡಿಕೊಂಡರೆ ಒಂದು ಮಾತು, ಮಾಡಿಕೊಳ್ಳದಿದ್ದರೆ ಇನ್ನೊಂದು.

ಬಟ್ಟೆ ನಿಜವಾಗಿಯೂ ಕೆಲಸದ ವಿಷಯ ಆಗುವುದು ಯಾವಾಗ? ತಿರುಗುವ ಯಂತ್ರದ ಹತ್ತಿರ ಸಡಿಲ ತೋಳಿನ ಅಂಗಿ ಹಾಕಿದಾಗ. ಪ್ರಯೋಗಾಲಯಕ್ಕೆ ಬೆರಳು ಕಾಣುವ ಚಪ್ಪಲಿ ಹಾಕಿಕೊಂಡು ಬಂದಾಗ. ಯಾರನ್ನಾದರೂ ಅವಮಾನಿಸುವ ಬರಹ ಇರುವ ಟೀಶರ್ಟ್ ಹಾಕಿದಾಗ. ಬರೆದಿಟ್ಟ ನಿಯಮವನ್ನು ಮುರಿದಾಗ. ಇಂಥ ಕಡೆ ಹೇಳಲೇಬೇಕು. ಹೇಳಬೇಕಾದವರು ಮ್ಯಾನೇಜರ್, ಬೇರೆಯವರ ಎದುರಿಗಲ್ಲ, ನಿಯಮ ಯಾವುದು ಎಂದು ತೋರಿಸಿ.

ಕ್ಲೈಂಟ್ ಏನಂದುಕೊಳ್ಳುತ್ತಾರೋ ಎಂಬ ಭಯವನ್ನೂ ನಿಮ್ಮ ಪ್ರಶ್ನೆಯ ಕೊನೆಗೆ ಬರೆದಿದ್ದೀರಿ. ಅದನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ಜನರಲ್ ಮೋಟರ್ಸ್ ಕಂಪನಿಯಲ್ಲಿ ಮೇರಿ ಬಾರಾ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥೆಯಾಗಿದ್ದಾಗ 10 ಪುಟದ ಡ್ರೆಸ್ ಕೋಡನ್ನು ತೆಗೆದು, 'ಸಂದರ್ಭಕ್ಕೆ ತಕ್ಕಂತೆ ಉಡುಪು ಧರಿಸಿ' ಎಂಬ ಅರ್ಥದ ಎರಡೇ ಪದ ಇಟ್ಟರು. ಅದನ್ನು ಒಪ್ಪದ ಒಬ್ಬ ಹಿರಿಯ ಅಧಿಕಾರಿ ಬಂದು, ಇನ್ನೂ ಬಿಗಿಯಾದ ನಿಯಮ ಬೇಕು ಎಂದರು. ಮಾತಾಡಿದಾಗ ನಿಜವಾದ ತೊಂದರೆ ಹೊರಗೆ ಬಂತು. ಅವರ ತಂಡದ ಕೆಲವರು ಆಗಾಗ ಸರ್ಕಾರಿ ಅಧಿಕಾರಿಗಳನ್ನು ಭೇಟಿ ಮಾಡಬೇಕಿತ್ತು, ಅದೂ ತಟ್ಟನೆ. ನಿಮ್ಮ ತಂಡದ ಜೊತೆಯೇ ಮಾತಾಡಿ ಎಂದು ಬಾರಾ ಹೇಳಿದರು. ಅವರೇ ದಾರಿ ಹುಡುಕಿಕೊಂಡರು. ಅಂಥ ಭೇಟಿಗೆ ಹೋಗಬೇಕಾದವರು ಒಂದು ಜೊತೆ ಒಳ್ಳೆಯ ಪ್ಯಾಂಟನ್ನು ಲಾಕರಿನಲ್ಲಿ ಇಟ್ಟುಕೊಂಡರು. ನಿಮ್ಮ ಸಹೋದ್ಯೋಗಿ ಕ್ಲೈಂಟ್ ಮುಂದೆ ಕೂರಬೇಕಾದ ದಿನಗಳು ವರ್ಷಕ್ಕೆ ಎಷ್ಟು? ಆ ದಿನಗಳ ಬಗ್ಗೆ ಇಡೀ ಟೀಮು ಮಾತಾಡಿಕೊಳ್ಳಬಹುದು. ಉಳಿದ ದಿನಗಳ ಸಾಕ್ಸ್ ಬಗ್ಗೆ ಮಾತಾಡಲು ಏನೂ ಇಲ್ಲ.

ಅಂದಹಾಗೆ, ಹೊರಗಿನವರು ನಾವು ಹೆದರುವಷ್ಟು ಗಮನಿಸುವುದೂ ಇಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಜೊತೆಯವರು ವಿದ್ಯಾರ್ಥಿಗಳಿಗೆ ಒಬ್ಬ ಗಾಯಕನ ಚಿತ್ರವಿದ್ದ, ಮುಜುಗರ ಆಗುವಂಥ ಟೀಶರ್ಟ್ ಹಾಕಿಸಿ ಬೇರೆಯವರಿದ್ದ ಕೋಣೆಗೆ ಕಳಿಸಿದ್ದರು. ಆ ಚಿತ್ರ ಯಾರದೆಂದು ಸುಮಾರು ಅರ್ಧದಷ್ಟು ಜನ ಗುರುತಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದುಕೊಂಡರು. ನಿಜವಾಗಿ ಗುರುತಿಸಿದವರು ಕಾಲು ಭಾಗದಷ್ಟು. 2000ದಲ್ಲಿ ಪ್ರಕಟವಾದ ಅಧ್ಯಯನ ಅದು.

ಈಗ ನೀವು ಏನು ಮಾಡಬಹುದು. ಅವರಿಗೆ ಬಟ್ಟೆ ಬಗ್ಗೆ ಏನೂ ಹೇಳಬೇಡಿ. 'ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೀನಿ' ಎಂದು ಶುರು ಮಾಡಿದರೂ ಅವರ ಕಿವಿಗೆ ಬೀಳುವುದು 'ಎಲ್ಲರೂ ನಿಮ್ಮನ್ನು ನೋಡಿ ನಗ್ತಿದ್ದಾರೆ' ಎಂಬುದೇ. ಅಂಥ ಮಾತು ಕೇಳಿದ ಮೇಲೆ ಮಾರನೆಯ ದಿನ ಆ ಬಾಗಿಲು ದಾಟಿ ಬರುವುದು ಎಷ್ಟು ಕಷ್ಟ ಎಂದು ಸ್ವಲ್ಪ ಯೋಚಿಸಿ. ಸುಳ್ಳು ಹೊಗಳಿಕೆಯೂ ಬೇಡ, ಅದು ಗೊತ್ತಾಗಿಬಿಡುತ್ತದೆ.

ಬದಲಿಗೆ ಅವರ ಜೊತೆ ಒಂದು ಸಣ್ಣ ಕೆಲಸ ಹಂಚಿಕೊಂಡು ಮಾಡಿ. ಮೊದಲ ಎರಡು ದಿನ ಟೋಪಿಯೇ ಕಾಣುತ್ತದೆ. ಮೂರನೆಯ ದಿನಕ್ಕೆ ಅವರು ಲೆಕ್ಕವನ್ನು ಹೇಗೆ ತಾಳೆ ನೋಡುತ್ತಾರೆ, ಎಲ್ಲಿ ಅವಸರ ಮಾಡುತ್ತಾರೆ ಎಂಬುದು ಕಾಣಲು ಶುರುವಾಗುತ್ತದೆ. ಅವರ ಬಗ್ಗೆ ಒಂದು ಅಭಿಪ್ರಾಯ ಬಂದಾಗ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಒಂದು ಉದಾಹರಣೆ ಕೊಡು. ಉದಾಹರಣೆಯಲ್ಲಿ ಬಟ್ಟೆ ಬಿಟ್ಟು ಬೇರೇನೂ ಇಲ್ಲದಿದ್ದರೆ ಆ ಅಭಿಪ್ರಾಯವನ್ನು ಅಲ್ಲಿಗೇ ಬಿಡಿ.

ಕಷ್ಟ ಇರುವುದು ಆ ನಗುವಿನಲ್ಲಿ. ನಾಳೆ ಮತ್ತೆ ಅವರು ಒಳಗೆ ಬರುತ್ತಾರೆ, ಮತ್ತೆ ಯಾರೋ ನಿಮ್ಮ ಮುಖ ನೋಡುತ್ತಾರೆ. ಆ ಹೊತ್ತಿಗೆ ಭಾಷಣ ಮಾಡಲು ಹೋಗಬೇಡಿ, ಯಾರೂ ಕೇಳುವುದಿಲ್ಲ. ತಿರುಗಿ ನೋಡದೆ ನಿಮ್ಮ ಕೆಲಸ ಮುಂದುವರಿಸಿ. ಯಾರಾದರೂ ಬಾಯಿ ಬಿಟ್ಟು ಹೇಳಿದರೆ 'ನನಗೇನೂ ತೊಂದರೆ ಅನ್ನಿಸಿಲ್ಲ' ಎಂದು ಹೇಳಿ ಬೇರೆ ಮಾತು ತೆಗೆಯಿರಿ. ನಮ್ಮ ಗುಂಪಿನಲ್ಲಿ ನಾನು ನೋಟ ಕೊಡುವುದನ್ನು ನಿಲ್ಲಿಸಿದ ಮೇಲೆ ನನ್ನ ಪಕ್ಕದವರೂ ನಿಲ್ಲಿಸಿದರು. ಉಳಿದವರು ನಿಲ್ಲಿಸಲಿಲ್ಲ.

ಆ ಫೀಡ್‌ಬ್ಯಾಕನ್ನು ಮತ್ತೆ ಬರೆದುಕೊಟ್ಟೆ. ಟಿಪ್ಪಣಿಗಳ ಬಗ್ಗೆ ಒಂದು ಸಾಲು, ಮೇಲ್ ಬಗ್ಗೆ ಒಂದು, ನಡುವೆ ಬಾಯಿ ಹಾಕುವುದರ ಬಗ್ಗೆ ಒಂದು. ಓದಿದ ಮೇಲೆ ಅವರು ನನ್ನ ಮೇಜಿನ ಹತ್ತಿರ ಬಂದರು. ಮೇಲ್ ವಿಷಯ ಒಪ್ಪಿದರು. ಬಾಯಿ ಹಾಕುವ ವಿಷಯ ಒಪ್ಪಲಿಲ್ಲ, ಹತ್ತು ನಿಮಿಷ ವಾದ ಮಾಡಿದರು. ಅವರ ಜೊತೆ ನಾನು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.